ನೈಲಾನ್ ಎಳೆ

ಕಣ್ಣು ಮುಚ್ಚಿಕೋ ಜೋರೆಲಿಕ್,
ಮುಟ್ಟಿದ್ದು ತಿಳಿದಾಗ ಹೂಂ ಅನ್ನು.
ನನ್ನ ಕೈಯಲ್ಲಿರುವುದು ಒಂದೆಳೆ ನೈಲಾನು,
ನಿನ್ನ ಗಾಳದ ದಾರಕ್ಕೆ ತಂಗಿಯಾಗಬೇಕು.
ಒತ್ತಿದರೆ ಬಿಲ್ಲಿನ ಹಾಗೆ ಬಾಗುತ್ತದೆ,
ಚುಚ್ಚುವುದಿಲ್ಲ.

ಮೊಣಕಾಲ ಕೆಳಗೆ: ಹೂಂ.
ಕಣಕಾಲಿಗೆ: ಹೂಂ.
ಪಾದದ ಮೇಲೆ: ತಡೆದು, ಹೂಂ.
ಹೆಬ್ಬೆರಳಿಗೆ:

ಹೊರಗೆ ಲಗೂನಿನ ಕಡೆ ಯಾರದೋ ಜನರೇಟರು
ಗುರುಗುಟ್ಟುತ್ತಿದೆ.

ಇನ್ನೊಮ್ಮೆ, ಹೆಬ್ಬೆರಳಿಗೆ:
'ಶುರು ಮಾಡು ಮಗಳೇ, ಯಾಕೆ ತಡ?' ಅನ್ನುತ್ತಾನೆ.

ಈ ಮನುಷ್ಯ
ಚುಕ್ಕಿ ಕಾಣದ ರಾತ್ರಿ ದೋಣಿಯಲ್ಲಿ ನಿಂತು
ಮೂಡಣದ ಹೆದ್ದೆರೆ ಎಲ್ಲೋ ಒಂದು ದಂಡೆಗೆ ಬಡಿದು
ಮುರಿದು ಮರಳುವ ಸಣ್ಣ ನಡುಕವನ್ನು
ಅಂಗಾಲಿನಿಂದ ಓದಿದವನು.
'ದ್ವೀಪ ಅಲ್ಲಿದೆ' ಎಂದು ಕತ್ತಲಿಗೆ ಬೆರಳು ಮಾಡಿದವನು.
ಬೆಳಗಾದರೆ ದ್ವೀಪ
ಅವನ ಮಾತಿಗೆ ಕಟ್ಟುಬಿದ್ದಂತೆ ಅಲ್ಲೇ ಇರುತ್ತಿತ್ತು.

ಹೆಂಡತಿ ನೈಲಾಂಗ್ ಕರೆತಂದದ್ದು ಮೂರು ದಿನ ತಡವಾಗಿ.
ಚಾಪೆಯ ಮೇಲೆ ರಕ್ತದ ಹೆಜ್ಜೆ ಕಂಡು
ಬೆಕ್ಕು ಮೀನು ಎಳೆದಿದೆ ಎಂದುಕೊಂಡಳಂತೆ.
ಹವಳದ ಚೂರೊಂದು ಅವನ ಪಾದದೊಳಗೆ
ಬಾಡಿಗೆ ಕೊಡದೆ ಕೂತಿತ್ತು.

'ಸಿಹಿ ತಿಂದದ್ದು ನಾಲಿಗೆ,
ಕಾಲಿಗೇಕೆ ಶಿಕ್ಷೆ?'
ಕೇಳಿದ. ಹಾಗೆ ಕೇಳುವವರಿಗೆಂದೇ
ಗೋಡೆಯಲ್ಲಿ ಒಂದು ಚಿತ್ರಪಟವಿದೆ, ಅದು ಅವನಿಗೆ ಸಾಲದು.
ಹಡಗಿನ ಕತೆ ಹೇಳಿದೆ.

ಹಡಗು ಬಂತು ಅನ್ನು. ಕಟ್ಟೆಯ ತುಂಬ ಮೂಟೆ.
ಮನೆಮನೆಯ ಬಾಗಿಲಿಗೂ ಬೀಗ,
ಬೀಗಕ್ಕೆಲ್ಲ ಉಪ್ಪುಗಾಳಿಯ ತುಕ್ಕು.
ಕೀಲಿ ಹಿಡಿದು ಓಡಾಡುವವನೊಬ್ಬ ಹೊಟ್ಟೆಯೊಳಗಿದ್ದಾನೆ,
ಮೊದಮೊದಲು ಎರಡು ಪಾಳಿ ದುಡಿದ,
ಆಮೇಲೆ ಕೂತುಬಿಟ್ಟ.
ಒಳಗೆ ಮಕ್ಕಳು ಹಸಿದು ಅಳುತ್ತಾರೆ,
ಹೊರಗೆ ಮೂಟೆ ಕರಗಿ ಪಾಕವಾಗಿ
ಓಣಿಗಳಲ್ಲಿ ಹರಿಯುತ್ತದೆ.
ಮೊದಲು ಕೆಡುವುದು ಕಿರುಓಣಿಗಳು ಜೋರೆಲಿಕ್:
ಕಣ್ಣಿನ ಹಿಂದಿನವು,
ಮೂತ್ರಪಿಂಡದ ಜರಡಿಯವು,
ದೂರದ ಬೆರಳಿಗೆ ಸುದ್ದಿ ಒಯ್ಯುವ ನರಗಳವು.
ಸುದ್ದಿ ಬರುವುದಿಲ್ಲ. ಸುದ್ದಿಯಿಲ್ಲದಿದ್ದರೆ
ಎಲ್ಲ ಕ್ಷೇಮ ಎಂದುಕೊಳ್ಳುತ್ತೇವೆ.

ಅವನು ಬಹಳ ಹೊತ್ತು ಸುಮ್ಮನಿದ್ದ.
'ಆ ಹಡಗು ನನಗೆ ಗೊತ್ತು' ಎಂದ.

'ನಮ್ಮನ್ನು ನಮ್ಮ ದ್ವೀಪದಿಂದ ಎತ್ತಿ ತಂದರಲ್ಲ,
ಆಗ ನನಗೆ ಆರು ವರ್ಷ.
ದೀವಿಹಲಸಿನ ಮರ ಎತ್ತಿ ತರಲಾಗಲಿಲ್ಲ,
ಕೇದಗೆ ಹಣ್ಣು ಅಲ್ಲೇ ಕೊಳೆಯಿತು.
ಇಲ್ಲಿ ಅಕ್ಕಿ ಕೊಟ್ಟರು, ಸಕ್ಕರೆ ಕೊಟ್ಟರು, ಡಬ್ಬಿಯ ಮಾಂಸ.
ಅಮ್ಮ ಅಕ್ಕಿಯನ್ನು ಬೊಗಸೆಯಲ್ಲಿ ಹಿಡಿದು
ಎಷ್ಟು ಬಿಳಿ ನೋಡು ಅಂದಳು.'

ಬೆಳ್ಳಗಿರುವುದೆಲ್ಲ ಹಾಲಲ್ಲ
ಎನ್ನಲು ಬಾಯಿ ಬಂತು, ನುಂಗಿದೆ.
ನನ್ನ ಮಧ್ಯಾಹ್ನದ ಡಬ್ಬಿಯಲ್ಲೂ ಅದೇ ಅನ್ನ.

ಗಾಯ ತೊಳೆದೆ. ಕಟ್ಟಿದೆ.
ದಿನಾ ರಾತ್ರಿ ಪಾದ ತಿರುಗಿಸಿ ಕಣ್ಣಿಂದ ನೋಡು,
ಕಾಲು ಹೇಳದ್ದನ್ನು ಕಣ್ಣು ಹೇಳಲಿ ಎಂದೆ.
'ಕಣ್ಣೂ ಮಂಜು' ಎಂದ.
'ನಾನು ನೋಡುತ್ತೇನೆ' ಎಂದಳು ನೈಲಾಂಗ್,
ಚಪ್ಪಲಿಯೊಳಗೆ ಆಗಲೇ ಬೆರಳಾಡಿಸುತ್ತ,
ಕಲ್ಲು ಹುಡುಕುತ್ತ.

ಹೋಗುವಾಗ ಆ ಎಳೆ ಬೇಕೆಂದ.
ಅದು ಆಸ್ಪತ್ರೆಯದು ಎಂದೆ.
'ಇಷ್ಟು ಸಣ್ಣ ದಾರಕ್ಕೆ
ಯಾವ ಮೀನೂ ಬೀಳದು' ಎಂದು ಅವನು ನಕ್ಕ,
ನಾನು ನಗಲಿಲ್ಲ. ಅದರಲ್ಲಿ ಸಿಕ್ಕಿದ್ದು ಏನೆಂದು
ನನಗೆ ಗೊತ್ತಿತ್ತು.

ಸಂಜೆ ಚೀಲದಲ್ಲಿ ಕದ್ದು ತಂದೆ ಅದನ್ನು.
ನನಗೂ ನಲವತ್ತೊಂದು,
ಅಮ್ಮನಿಗೆ ಕಾಲು ಹೋದ ವಯಸ್ಸಿಗೆ ಇನ್ನಾರು ವರ್ಷ.
ಮಗಳ ಕೈಗೆ ಎಳೆ ಕೊಟ್ಟು
ಚಾಪೆಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದೆ.

ಹೂಂ, ಎಂದೆ.

ಅಮ್ಮಾ, ನಾನಿನ್ನೂ ಮುಟ್ಟೇ ಇಲ್ಲ,
ಎಂದಳು.