ಗಿಡ್ಡ ಎಳೆ

ತೀನ್ ಕಂದೀಲ್ ಹಿಂದಿನ ಓಣಿಯಲ್ಲಿ
ಬೆಳಗಿನ ಏಳಕ್ಕೆ ಲ್ಯಾಬಿನ ಶಟರ್ ಎತ್ತುವಾಗ
ಮೆಟ್ಟಿಲ ಮೇಲೆ ಆಗಲೇ ಕೂತಿದ್ದ ಆದೆಪ್ಪ.
ಬಾಯಲ್ಲಿ ಹೇಳಲಾಗದ್ದು ಕೈಯ ಚೀಟಿಯಲ್ಲಿತ್ತು.

"ಒಂದಕ್ಕ ಏಳೋದ್ರಿ ತಂಗಿ, ರಾತ್ರಿಗೆ ಐದು ಸರ್ತಿ.
ಮೂರೂವರಿ ಗೂಡ್ಸ್ ಗಾಡಿ ಗುಂತಕಲ್ ಕಡೆ ಹೋಗೋದು
ಸ್ಟೇಷನ್ ಮಾಸ್ತರಗೊಂದು ಗೊತ್ತು, ನನಗೊಂದು ಗೊತ್ತು."
ನಕ್ಕ. ನಗುವಾಗ ಸೊಂಟ ಹಿಡಿದುಕೊಂಡ.
ತೋಳಿಗೆ ಪಟ್ಟಿ ಬಿಗಿದರೆ ಮೈ ಕೆಂಡ.

ಮೂವತ್ತೆಂಟು ವರ್ಷ ರಾಯಚೂರಿನ ಹತ್ತಿ ಮಾರ್ಕೆಟ್ಟಿನಲ್ಲಿ
ಅಂಡಿಗೆಯೊಳಗೆ ಕೈ ತುರುಕಿ ಚಿಟಿಕೆ ತೆಗೆದು
ಹೆಬ್ಬೆರಳು ಹೆಬ್ಬೆರಳ ನಡುವೆ ಎಳೆ ಎಳೆದು
ಇದು ಉದ್ದ, ಇದು ಗಿಡ್ಡ, ಇದಕ್ಕೆ ನೀರು ಹೊಡೆದಾರ
ಎನ್ನುತ್ತಿದ್ದವ. ದಲಾಲರು ಮರುಮಾತಾಡುತ್ತಿರಲಿಲ್ಲ.
ಈಗ ತನ್ನ ರಕ್ತ ನೇರಳೆ ಮುಚ್ಚಳದ ಕೊಳವೆಗೆ,
ಆಮೇಲೆ ಹಳದಿಗೆ ಏರುವುದನ್ನು ನೋಡುತ್ತಿದ್ದಾನೆ
ಬೇರೆಯವರ ಮಾಲು ನೋಡುವ ಹಾಗೆ.

"ಎರಡು ಯಾಕ್ರಿ? ರಕ್ತ ಒಂದೇ ಅಲ್ಲ?"

ಹೇಗೆ ಹೇಳಲಿ. ಮೂತ್ರಚೀಲದ ಕೊರಳಿಗೆ ಆತು ಕೂತ
ಪುಟ್ಟ ಗ್ರಂಥಿ ವಯಸ್ಸಿಗೆ ಸುಮ್ಮನೆ ಊದುತ್ತದೆ.
ಸೋಂಕು ತಗುಲಿದರೆ ಉರಿದು ಊದುತ್ತದೆ.
ಹೊರಗೆ ಎರಡರದೂ ಒಂದೇ ದೂರು,
ನಿಂತು ನಿಂತು ಬರುವ ಧಾರೆ, ತೀರದ ಅವಸರ.
ಪಿಎಸ್ಎ ಎಂಬ ಸಂಖ್ಯೆ ಎರಡಕ್ಕೂ ಏರುತ್ತದೆ.
ಮೂರನೆಯದೊಂದಕ್ಕೂ ಏರುತ್ತದೆ, ಅದರ ಹೆಸರನ್ನು
ಈ ಬೆಂಚಿನ ಮೇಲೆ ಯಾರೂ ಎತ್ತುವುದಿಲ್ಲ.

"ಒಂದ್ರಾಗ ಊತದ ಲೆಕ್ಕ ನೋಡ್ತೀವಿ,
ಇನ್ನೊಂದ್ರಾಗ ಬೆಂಕಿ ಅದನೋ ಇಲ್ಲೋ ಅಂತ."
ಅಷ್ಟು ಸಾಕಾಯಿತು ಅವನಿಗೆ.
"ಬರೇ ಬಿಳುಪು ನೋಡಿ ದರ ಹೇಳಬಾರದು, ಹೌದಿಲ್ಲೋ."

ಹನ್ನೊಂದಕ್ಕೆ ಕರೆಂಟು ಹೋಗಿ ಬಂತು.
ಯಂತ್ರ ಉಗುಳಿದ ಕಾಗದದಲ್ಲಿ ಪಿಎಸ್ಎ ಹದಿನಾಲ್ಕು.
ನನ್ನ ಬೆನ್ನು ತಣ್ಣಗಾಯಿತು.
ಕೆಳಗಿನ ಸಾಲಿಗೆ ಬಂದೆ: ಸಿಆರ್‌ಪಿ ಎಂಬತ್ತೊಂಬತ್ತು,
ಬಿಳಿರಕ್ತಕಣ ಹತ್ತೊಂಬತ್ತು ಸಾವಿರ.
ಉರಿ.
ಬಹುಶಃ ಬರೀ ಉರಿ.
ಬಹುಶಃ ಎಂಬುದನ್ನು ಅಚ್ಚು ಹಾಕಲು
ನಮ್ಮ ರಿಪೋರ್ಟಿನಲ್ಲಿ ಜಾಗವಿಲ್ಲ,
ಬಾಯಿಬಿಟ್ಟು ಹೇಳಲು ನನಗೆ ಅಧಿಕಾರವಿಲ್ಲ.
ಲಕೋಟೆಗೆ ಅಂಟು ಹಚ್ಚಿ ಕೊಟ್ಟೆ.

ಮಾತ್ರೆ ಮುಗಿಸಿ, ಎರಡು ತಿಂಗಳು ಕಳೆದು ಬಂದ.
ಅದೇ ಮೆಟ್ಟಿಲು. ಜ್ವರವಿಲ್ಲ, ಸೊಂಟದ ಮೇಲೆ ಕೈಯಿಲ್ಲ.
"ಎರಡು ಸರ್ತಿ ಏಳ್ತೀನ್ರಿ, ಅದು ವಯಸ್ಸಿನ ಬಾಬ್ತು ಅಂತ.
ಗೂಡ್ಸ್ ಗಾಡಿ ಈಗ ಮಾಸ್ತರಗೇ ಬಿಟ್ಟೀನಿ.
ಆದ್ರ ಬೆಂಕಿ ಆರಿದ ಮ್ಯಾಲೆ ಬೂದಿ ಕೆದರಿ ನೋಡಬೇಕಂತ ಡಾಕ್ಟರು."

ಈ ಸಲ ಒಂದೇ ಕೊಳವೆ, ಹಳದಿ.
ಸೂಜಿ ತೆಗೆದು ಹತ್ತಿಯ ಉಂಡೆ ಒತ್ತಿ
ಮೊಣಕೈ ಮಡಚಿರಿ ಅಂದೆ. ಮಡಚಲಿಲ್ಲ.
ಉಂಡೆಯಿಂದ ಚಿಟಿಕೆ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು
ಹೆಬ್ಬೆರಳು ಹೆಬ್ಬೆರಳ ನಡುವೆ ಎಳೆದ.

"ಗಿಡ್ಡ ಎಳಿ. ನೂಲಿಗೆ ಬರಂಗಿಲ್ಲ.
ಮಾರ್ಕೆಟ್ಟಿನ್ಯಾಗ ಇದನ್ನ ನಾನಾ ಕೆಳಗಿಟ್ಟೀನಿ ಎಷ್ಟೋ ಸರ್ತಿ."
ತೋಳ ಮೇಲೆ ಚುಕ್ಕಿ ಮತ್ತೆ ಕೆಂಪಾಗುತ್ತಿತ್ತು.
ಉಳಿದ ಹತ್ತಿಯನ್ನು ಅದರ ಮೇಲಿಟ್ಟು
ಗಟ್ಟಿಯಾಗಿ ಒತ್ತಿಕೊಂಡ.