ಅಲುಗಾಡಬ್ಯಾಡ್ರಿ

ಸೈಬರ್ ಅಂಗಡಿ ಮುಚ್ಚಿದಾಗ ಉಳಿದದ್ದು
ಒಂಬತ್ತು ಕುರ್ಚಿ, ಹರಿದ ಪರದೆ, ಎಂಟು ವೆಬ್‌ಕ್ಯಾಮು.
ಕುರ್ಚಿ ಟ್ಯೂಷನ್ ಮಾಸ್ತರು ಒಯ್ದರು.
ವೆಬ್‌ಕ್ಯಾಮು ಯಾರಿಗೂ ಬ್ಯಾಡಾದವು,
ದೂರದೇಶದಾಗಿದ್ದ ಗಂಡಂದಿರ ಮುಖ
ನೋಡಿ ನೋಡಿ ಮಂಜಾದ ಕಣ್ಣು ಅವು.

ಒಂದರ ಲೆನ್ಸ್ ತಿರುವಿ ಕಿತ್ತಿನಿ.
ಹಣಿಕಿ ಹಾಕಿದ್ರ ಒಳಗ ಒಂದು ಚಿಪ್ಪು,
ಜೋಳದ ಕಾಳಿನಷ್ಟು.
ಅಷ್ಟರಾಗ ಚಂದ್ರ ಹಿಡಿಸಬೇಕು.

ದುರ್ಬೀನಿನ ಬಾಯಿಗೆ ಕೂಡ್ರಾಕ ಕೊಳವಿ ಬೇಕಿತ್ತು.
ನದಾಫ್ ಸ್ಟುಡಿಯೋದ ದಾವಲಸಾಬರು
ಹಳೇ ಟ್ರಂಕು ತಡಕಿ ಕೊಟ್ಟರು ರೀಲಿನ ಡಬ್ಬಿ,
ಕರಿ ಪ್ಲಾಸ್ಟಿಕ್ಕು, ಬೂದು ಮುಚ್ಚಳ.
ತಳ ಕೊರದು ಕೂಡ್ರಿಸಿದ್ನಿ,
ಅಳತಿ ಕೊಟ್ಟು ಮಾಡಿಸಿದ್ಹಂಗ ಕೂತಿತು.

"ಯಾವ ರೀಲಿನ ಡಬ್ಬಿ ಗೊತ್ತೇನು ನೀಲಗಂಗಾ?
ಪರಿಹಾರದ ಫೋಟೋದ್ದು.
ಮುಳುಗೂ ಮನಿ ಒಂದೊಂದೂ ತಗದೆ.
ಬಾಗಿಲದಾಗ ಯಜಮಾನ, ಕೈಯಾಗ ಪಾಟಿ,
ಪಾಟಿ ಮ್ಯಾಲ ನಂಬರು.
ಅಲುಗಾಡಬ್ಯಾಡ್ರಿ ಅಂತಿದ್ನಿ.
ಯಾರೂ ಅಲುಗಾಡತಿರಲಿಲ್ಲ.
ಒಬ್ಬಾಕಿ ಮಾತ್ರ, ಮುಸುರಿ ಕೈಲೆ ಬಂದಾಕಿ,
ಎಮ್ಮಿ ಹಗ್ಗ ಬಿಚ್ಚಿಕೊಂಡಿತಂತ ಹೊಳ್ಳಿ ನೋಡಿಬಿಟ್ಲು.
ನಂಬರ್ ಕಾಣಂಗಿಲ್ಲಂತ
ಆಫೀಸಿನವರು ಆ ಫೋಟೋ ವಾಪಸ್ ಒಗೆದ್ರು."

ಇವತ್ತು ನವಮಿ.
ನವನಗರ, ಸೆಕ್ಟರ್ ಮೂವತ್ನಾಲ್ಕು,
ಮಾಳಿಗಿ ಮ್ಯಾಲ ನೀರಿನ ಟಾಕಿ, ಟಾಕಿ ಮಗ್ಗಲ ಸ್ಟೂಲು,
ಸ್ಟೂಲಿನ ಮ್ಯಾಲ ಲ್ಯಾಪ್‌ಟಾಪು,
ಅದರ ಬೆಳಕಿಗೆ ಬಂದು ಬಡಕೊಳ್ಳೂ ಹುಳ.
ಮೊದಲ ಬರೇ ಬಿಳುಪು. ಆಮ್ಯಾಲ ಬರೇ ಕತ್ತಲಿ.
ತಿರುಪು ಕೂದಲೆಳಿಯಷ್ಟು ತಿರುವಿದ್ರ
ಅಂಚು ಬಂತು,
ಹುಡಿಮಣ್ಣಿನ್ಯಾಗ ದಪ್ಪ ದಪ್ಪ ಹನಿ ನಾಕು ಬಿದ್ದು
ಮಳಿ ಮನಸು ಬದಲಿಸಿ ಹೋದ್ಹಂಗ
ಕುಳಿ, ಕುಳಿ, ಬಿಸಿಲು ಬಿದ್ದ ದಂಡಿ,
ಒಳಗ ಕರಿ ನೆಳ್ಳು.

ಎಲ್ಲಾ ನಡುಗತಿತ್ತು.
ಹಿನ್ನೀರಿನ ಕಡಿಂದ ಏಳೂ ಗಾಳಿ,
ಹಗಲಿನ ಕಾವು ಇನ್ನೂ ಬಿಡೂ ಸಿಮೆಂಟು.
ಚಂದ್ರ ಒಂದು ಮೊಳ ನೀರಿನ ತಳದಾಗ ಇದ್ದ.
ಮೋಟರ್ ಇಲ್ಲದ ದುರ್ಬೀನು ನಂದು;
ನಲವತ್ತು ಸೆಕೆಂಡಿಗೆ ಜಾರಿ ಹೊರಗ ಹೋಗತಾನ.
ಬೆರಳಿಲೆ ದೂಕು, ಮತ್ತ ಹಿಡಿ, ಮತ್ತ ದೂಕು.

ಮೊಣಕಾಲ ಹಿಡಕೊಂಡು ಹದಿನೇಳು ಪಾವಟಿಗಿ ಏರಿ
ದಾವಲಸಾಬರು ಬಂದ್ರು.
"ತಲಿಕೆಳಗ ಕಾಣತಾನ್ರಿ" ಅಂದ್ನಿ,
ತಪ್ಪು ಒಪ್ಪಿಕೊಂಡ್ಹಂಗ.
ನಕ್ಕರು. ಕರಿ ಬಟ್ಟಿ ಹೊತ್ತು ಗಾಜಿನ್ಯಾಗ
ಎಷ್ಟೋ ಮದುಮಕ್ಕಳನ್ನ ತಲಿಕೆಳಗ ನೋಡಿದವರು.
"ನನಗಿದು ಸೀದಾನ ಐತಿ."

"ಈ ಕರಿ ಬಯಲು ಏನು?"
"ಸಮುದ್ರ ಅಂತಾರ್ರಿ. ಶಾಂತಿ ಸಮುದ್ರ. ನೀರಿಲ್ಲ."
"ನಂಬರ್ ಎಷ್ಟು?"
"ನಂಬರ್ ಇಲ್ರಿ, ಹೆಸರ ಅಷ್ಟ."
"ಪುಣ್ಯಾ ಮಾಡೈತಿ."

ಆಮ್ಯಾಲ ಬಗ್ಗಿ, ಹಳೇ ದನಿಲೆ,
"ಅಲುಗಾಡಬ್ಯಾಡ್ರಿ" ಅಂದ್ರು.
ಚಂದ್ರಗೋ ನನಗೋ ತಿಳೀಲಿಲ್ಲ.
ನಾ ಉಸುರು ಹಿಡಿದ್ನಿ.

ಸಾವಿರದಾ ಇನ್ನೂರು ಚಿತ್ರ.
ಅದರಾಗ ನೆಟ್ಟಗಿದ್ದವು ತೊಂಬತ್ತು.
ಆ ತೊಂಬತ್ತು ಒಂದರ ಮ್ಯಾಲ ಒಂದು ಹೊಚ್ಚಿದ್ರ
ಗಾಳಿ ಅಳಿಸಿ ಹೋಗಿ ಒಬ್ಬ ಚಂದ್ರ ಉಳೀತಾನ,
ಉಳಿದದ್ದು ಕಸ ಅಂತ ತೋರಿಸಿದ್ನಿ.
"ಕಸ ತೋರಿಸು" ಅಂದ್ರು.

ಒಂದೊಂದ ಸರಿಸಿದ್ನಿ. ಮಸಕು, ಮಸಕು, ಸೀಳಿದ್ದು,
ಟಾಕಿ ತುಂಬಿ ಸೋರಿದಾಗ ಸ್ಟೂಲು ಅದುರಿದ್ದು.
ಐನೂರಾ ಮೂರನೇದ್ದಕ್ಕ ನನ್ನ ಕೈ ಹಿಡಿದ್ರು.
ಅದರಾಗ ಅಂಚು ಒಂದು ಕಡೆ ಎಳದು, ಉದ್ದಾಗಿ,
ಯಾರೋ ಹಿಂದಿಂದ ಕರೆದ್ರಂತ
ಹೊಳ್ಳಿ ನೋಡಿದ್ಹಂಗ ಇತ್ತು ಮಾರಿ.

"ಇದನ್ನ ಅಳಿಸಬ್ಯಾಡ."

ಅಷ್ಟೊತ್ತಿಗೆ ಚಂದ್ರ ಚೌಕಟ್ಟು ದಾಟಿ ಹೋಗಿದ್ದ.
ದೂಕೂದು ಮರತಿದ್ನಿ.