ಹನ್ನೊಂದು ಗುಂಟೆ

ಭರತಿ ಇಳಿದರೆ ತಾರಿದೋಣಿ ಕೆಸರಿಗೆ ಕೂರುತ್ತದೆ,
ಆಮೇಲೆ ಕುಮಟೆಯೂ ಪರದೇಶ.
ಅದಕ್ಕೇ ಬೆಳಕು ಹರಿಯುವ ಮೊದಲೇ ಹೊರಟೆವು:
ಬುದವಂತಿ ಅತ್ತೆ, ಅವಳ ಪ್ಲಾಸ್ಟಿಕ್ ಕೊಟ್ಟೆ,
ಓದು ಬರುತ್ತದೆಂದು ನಾನು.
ಕೊಟ್ಟೆಯಲ್ಲಿ ಪಹಣಿ, ಪಹಣಿಯಲ್ಲಿ ಗಜನಿ,
ಗಜನಿಗೆ ಅವಳಪ್ಪ ಕೆಸರು ಹೊತ್ತು ಹೊತ್ತು ಹಾಕಿದ ಕಟ್ಟು.

ಕಚೇರಿಯ ಹುಡುಗ ಪರದೆ ತಿರುಗಿಸಿದ:
'ನಿಮ್ಮ ಜಾಗ ನೋಡಿ, ಪೂರಾ ನೀಲಿ.'
'ನೀ ಕಂಡದ್ದು ಭರತಿಯಲ್ಲಿ ಮಾರಾಯ,
ಇಳಿತಕ್ಕೆ ಬಾ, ತೋರ್ಸ್ತೆ.
ಕಗ್ಗ ಬಿತ್ತಿದ್ದೆ. ಕಟ್ಟು ಒಡೆದು ಹೋಯ್ತು.
ಈಗ ಅಲ್ಲಿ ಶೆಟ್ಲಿ ಹಿಡಿಯುವವರು ಯಾರ್ಯಾರೋ.
ಹೆಸರಾದರೂ ನಂದೇ ಇರ್ಲಿ.'

ಅವನೊಂದು ಅರ್ಜಿ ಕೊಟ್ಟ. ನಾನು ತುಂಬಿದೆ.
'ಚಕ್ಕುಬಂದಿ... ಪಡುವಣಕ್ಕೆ?'
'ಹೊಳೆ ಅಂತ ಬರಿ.'
'ಮೂಡಣಕ್ಕೆ?'
'ಅದೂ ಹೊಳೆ.'

ಸಂಜೆ ಮರಳುವಾಗ ತುಂಬು ಭರತಿ. ನಡುನೀರಲ್ಲಿ
ಅತ್ತೆ ಎದ್ದು ನಿಂತಳು, ದೋಣಿ ಓಲಾಡಿತು:
'ಗಣಪು, ಕೋಲು ಮೆಲ್ಲಗೆ ಊರು,
ಇದು ನಮ್ಮ ಗದ್ದೆ.'
'ಹಂಗಾದ್ರೆ ತಾರಿಕಾಸು ನಾನೇ ನಿಂಗೆ ಕೊಡ್ಬೇಕಲ್ಲ!'
ದೋಣಿಯೆಲ್ಲ ನಕ್ಕಿತು. ಮೀನಿನ ಬುಟ್ಟಿಯವಳೂ.

ದಡದಲ್ಲಿ ಹತ್ತು ರೂಪಾಯಿ ಎಣಿಸಿ ಕೊಟ್ಟಳು.
ಅವನೂ ಬಿಡಲಿಲ್ಲ.